ಹತ್ತಿರ ಹೋದಷ್ಟೂ ಕಾಣದ ಗಾಳಿ

2013ರ ಮೇ 31ರ ಸಂಜೆ ಒಕ್ಲಹೋಮಾದ ಎಲ್ ರೀನೋ ಊರಿನ ಹೊರಗೆ, ಹೊಲಗಳ ನಡುವಿನ ರಸ್ತೆಯೊಂದರಲ್ಲಿ ಸುಂಟರಗಾಳಿಯನ್ನು ಬೆನ್ನಟ್ಟುವ ಒಬ್ಬ ‘ಚೇಸರ್’ ಜೀವ ಕೈಯಲ್ಲಿ ಹಿಡಿದು ಪೂರ್ವಕ್ಕೆ ಕಾರು ಓಡಿಸುತ್ತಿದ್ದ. ಅವನ ಕಾರಿನಲ್ಲಿ ಹಿಂದಕ್ಕೆ ಮುಖ ಮಾಡಿದ್ದ ಪುಟ್ಟ ಕ್ಯಾಮೆರಾ ತನ್ನ ಪಾಡಿಗೆ ತಾನು ಚಾಲೂ ಇತ್ತು. ಅದರಲ್ಲಿ ಸಿಕ್ಕಿರುವುದು ಇಷ್ಟೇ: ಬೂದಿಬಣ್ಣದ ಮಳೆ, ಮಳೆಯೊಳಗೆ ಎರಡು ಹೆಡ್‌ಲೈಟು. ಸ್ವಲ್ಪ ಹೊತ್ತು ಹಿಂಬಾಲಿಸುತ್ತವೆ, ಹಿಂದೆ ಬೀಳುತ್ತವೆ, ಆಮೇಲೆ ಇಲ್ಲ. ಅದು ಟಿಮ್ ಸಮಾರಾಸ್ ಅವರ ಕಾರು. ಜೊತೆಗೆ 24 ವರ್ಷದ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಇದ್ದರು. ಮೂವರೂ ಉಳಿಯಲಿಲ್ಲ.

ಅಮೆರಿಕದ ಬಯಲುಸೀಮೆಯ ಸುಂಟರಗಾಳಿ ವಿಡಿಯೊಗಳಲ್ಲಿ ನನ್ನ ಎದೆ ನಡುಗಿಸಿದ್ದು ಇದೊಂದೇ. ಇದರಲ್ಲಿ ಸುಂಟರಗಾಳಿ ಕಾಣುವುದೇ ಇಲ್ಲ. ಅಂದು ಅದರ ಅಗಲ 4.2 ಕಿ.ಮೀ. ಮುಟ್ಟಿತ್ತು, ದಾಖಲೆಗೆ ಸಿಕ್ಕವುಗಳಲ್ಲೆಲ್ಲ ಅತಿ ಅಗಲವಾದದ್ದು. ಸುತ್ತ ಮಳೆಯ ಪರದೆ. ಆನೆಯ ಸೊಂಡಿಲಿನಂಥ ಆಕಾರಕ್ಕೆ ಪಳಗಿದ ಕಣ್ಣಿಗೆ ಅದು ಬರೀ ಕಪ್ಪಿಟ್ಟ ದಿಗಂತ.

ವಸಂತ ಬಂತೆಂದರೆ ಅಲ್ಲಿ ಸುಂಟರಗಾಳಿಯ ಸುಗ್ಗಿ. ಮೆಕ್ಸಿಕೊ ಕೊಲ್ಲಿಯಿಂದ ತೇವದ ಗಾಳಿ ಮೇಲೇರಿ ಬರುತ್ತದೆ, ಪಶ್ಚಿಮದ ಮರುಭೂಮಿಯ ಕಡೆಯಿಂದ ಒಣಗಾಳಿ. ಎರಡೂ ಎದುರಾಗುವ ಗೆರೆಗೆ ‘ಡ್ರೈಲೈನ್’ ಎನ್ನುತ್ತಾರೆ. ಅಲ್ಲಿ ಎದ್ದ ಗುಡುಗುಮೋಡವನ್ನು ಮೇಲಿನ ವೇಗದ ಗಾಳಿ ತಿರುಚಿದರೆ ಸೂಪರ್‌ಸೆಲ್. ಅದರ ಹಿಂದೆ ನೂರಾರು ಕಾರು. ನೆಲ ಸಮತಟ್ಟು, ಮೈಲಿಗೊಂದರಂತೆ ಚೌಕುಳಿ ಹಾಕಿದ ರಸ್ತೆಗಳು. ಬೆನ್ನಟ್ಟುವವರಿಗೆಂದೇ ಯಾರೋ ಹಾಸಿಕೊಟ್ಟಂತಿದೆ. ಅಲ್ಲಿ ಸಂಜೆ ಆರಾದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ಕಾಫಿಗೆ ನೀರಿಟ್ಟು ಫೋನಿನಲ್ಲಿ ಅವರ ಲೈವ್ ತೆರೆದು ಕೂರುವ ಚಟ ನನಗೂ ಇದೆ. ಆದ್ದರಿಂದ ಈ ವಿಮರ್ಶೆ ಹೊರಗೆ ನಿಂತವನದಲ್ಲ. (ಬೇಸಿಗೆಯ ಬಯಲಲ್ಲಿ ತರಗೆಲೆ ಎತ್ತಿ ಕುಣಿಸುವ ಗಾಳಿಗೂ ನಾವು ಸುಂಟರಗಾಳಿ ಎಂದೇ ಹೇಳುತ್ತೇವೆ. ಎರಡಕ್ಕೂ ಬೇರೆ ಬೇರೆ ಪದ ಬೇಕಾಗುವಂಥ ಗತಿ ನಮಗೆ ಬರಲಿಲ್ಲ, ಪುಣ್ಯ.)

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತೇವೆ. ಸುಂಟರಗಾಳಿಯ ಚಿತ್ರ ತೆಗೆಯುವ ಈ ಕಲೆಯಲ್ಲಿ ಮಾತ್ರ ಗಾದೆ ತಿರುಗುಮುರುಗು. ನಾಲ್ಕೈದು ಮೈಲಿ ದೂರದಲ್ಲಿ ಟ್ರೈಪಾಡ್ ಊರಿ ತೆಗೆದ ಚಿತ್ರದಲ್ಲಿ ಎಲ್ಲವೂ ಇದೆ: ಬುಗುರಿಯಂತೆ ಸುತ್ತುವ ಮೋಡದ ಗೋಪುರ, ಅದರ ಅಡಿಯಿಂದ ಇಳಿಬಿದ್ದ ‘ವಾಲ್ ಕ್ಲೌಡ್’, ಕೊನೆಗೆ ನೆಲ ಮುಟ್ಟುವ ದಾರದೆಳೆ. ಅರ್ಧ ಮೈಲಿಗೆ ಹೋದರೆ ದಾರವಷ್ಟೇ ಉಳಿಯುತ್ತದೆ. ಇನ್ನೂ ಹತ್ತಿರ ಹೋದರೆ ಧೂಳು, ಒದ್ದೆ ವಿಂಡ್‌ಶೀಲ್ಡ್, ಜೊತೆಗೆ ಕೂಗಾಟ. ಪ್ರೇಕ್ಷಕರು ಹೆಚ್ಚಿರುವುದು ಈ ಮೂರನೆಯದಕ್ಕೆ. ಕೂಗಾಟ ತೆಗೆದು ನೋಡಿ, ಉಳಿಯುವುದು ಹೆಚ್ಚೇನಿಲ್ಲ.

ಈ ಹವ್ಯಾಸದ ಮೊದಲ ತಲೆಮಾರಿಗೆ ದೂರದ ಬೆಲೆ ಗೊತ್ತಿತ್ತು. ನಾರ್ತ್ ಡಕೋಟಾದ ಬಿಸ್ಮಾರ್ಕ್‌ನಲ್ಲಿ 1956ರಲ್ಲಿ ಚೇಸಿಂಗ್ ಆರಂಭಿಸಿದ ಡೇವಿಡ್ ಹೋಡ್ಲಿ 1977ರಲ್ಲಿ ‘ಸ್ಟಾರ್ಮ್ ಟ್ರ್ಯಾಕ್’ ಎಂಬ ಪತ್ರಿಕೆಯನ್ನೇ ಹುಟ್ಟುಹಾಕಿದರು. ಅದಕ್ಕೂ ಮೊದಲು, 1957ರಲ್ಲಿ ಅದೇ ರಾಜ್ಯದ ಫಾರ್ಗೊ ನಗರವನ್ನು ಹೊಡೆದ ಸುಂಟರಗಾಳಿಯ ಫೋಟೊಗಳನ್ನು ಊರವರಿಂದ ಕಲೆಹಾಕಿ ಹವಾಮಾನ ವಿಜ್ಞಾನಿ ಟೆಡ್ ಫುಜಿಟಾ ಅಳೆದರು. ‘ವಾಲ್ ಕ್ಲೌಡ್’ ಎಂಬ ಹೆಸರು ಬಂದದ್ದು ಆ ಅಧ್ಯಯನದಿಂದ. 1973ರ ಮೇ 24ರಂದು ಒಕ್ಲಹೋಮಾದ ಯೂನಿಯನ್ ಸಿಟಿಯಲ್ಲಿ ವಿಜ್ಞಾನಿಗಳ ತಂಡ ಒಂದು ಸುಂಟರಗಾಳಿಯ ಹುಟ್ಟಿನಿಂದ ಸಾವಿನವರೆಗೆ ಚಿತ್ರೀಕರಿಸಿತು. ಅದೇ ಹೊತ್ತಿಗೆ ನಾರ್ಮನ್‌ನ ಡಾಪ್ಲರ್ ರೇಡಾರ್ ಅದೇ ಮೋಡವನ್ನು ನೋಡುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಗಾಳಿ ನೆಲ ಮುಟ್ಟುವ ಮೊದಲೇ ಮೋಡದೊಳಗೆ ಸುಳಿವು ಮೂಡುವುದು ಗೊತ್ತಾಯಿತು. ಇಂದಿನ ಎಚ್ಚರಿಕೆ ವ್ಯವಸ್ಥೆಯ ಬೇರು ಅಲ್ಲಿದೆ. ‘ಬರೀ ಮೋಜು’ ಎಂದು ಚೇಸಿಂಗ್ ಅನ್ನು ತಳ್ಳಿಹಾಕುವವರು ಈ ಋಣ ಮರೆಯಬಾರದು.

ಆದರೆ ಚಿತ್ರ ಸುಳ್ಳನ್ನೂ ಕಲಿಸುತ್ತದೆ, ಅದೂ ಕೊಲ್ಲುವಂಥ ಸುಳ್ಳು. 1991ರ ಏಪ್ರಿಲ್ 26ರಂದು ಕಾನ್ಸಾಸ್ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಟಿವಿ ತಂಡವೊಂದು ಮೇಲ್ಸೇತುವೆಯ ತೊಲೆಗಳ ಕೆಳಗೆ ನುಸುಳಿ ಕುಳಿತು, ಸುಂಟರಗಾಳಿ ಹಾದುಹೋಗುವುದನ್ನು ಚಿತ್ರೀಕರಿಸಿತು. ಎಲ್ಲರೂ ಬದುಕಿದರು. ತುಣುಕು ಮತ್ತೆ ಮತ್ತೆ ಪ್ರಸಾರವಾಯಿತು, ಸೇತುವೆಯಡಿ ಆಸರೆ ಉಂಟು ಎಂದು ದೇಶ ನಂಬಿತು. ಆ ಗಾಳಿ ದುರ್ಬಲವಾದದ್ದು ಎಂಬುದನ್ನು ಕ್ಯಾಮೆರಾ ಹೇಳಲಿಲ್ಲ. 1999ರ ಮೇ 3ರಂದು ಒಕ್ಲಹೋಮಾದಲ್ಲಿ ಜನ ಕಾರು ನಿಲ್ಲಿಸಿ ಸೇತುವೆಗಳ ಕೆಳಗೆ ಓಡಿದರು. ಮೂರು ಸೇತುವೆ, ಒಂದೊಂದರಲ್ಲಿ ಒಂದೊಂದು ಸಾವು. ಕಿರಿದಾದ ಕಂಡಿಯಲ್ಲಿ ಗಾಳಿಯ ವೇಗ ಏರುತ್ತದೆ, ನೆಲದಿಂದ ಮೇಲೆ ಹತ್ತಿದಷ್ಟೂ ಏಟು ಜಾಸ್ತಿ. ಎಂಟು ವರ್ಷದ ಹಿಂದಿನ ಒಂದು ವಿಡಿಯೊ ಆ ಜನರನ್ನು ಅಲ್ಲಿಗೆ ಕರೆದೊಯ್ದಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಈ ಕಲೆಯ ಮೇಲೆ ನನಗಿರುವ ದೊಡ್ಡ ತಕರಾರು ಇದು. ಬದುಕಿ ಬಂದವರ ಚಿತ್ರ ಮಾತ್ರ ನಮಗೆ ತಲುಪುತ್ತದೆ.

ಸಮಾರಾಸ್ ವಿಷಯದಲ್ಲಿ ನನ್ನ ತೀರ್ಪು ತಡವರಿಸುತ್ತದೆ. ಅವರು ಹತ್ತಿರ ಹೋಗುತ್ತಿದ್ದುದು ನೋಟಕ್ಕಾಗಿ ಅಲ್ಲ, ಅಳತೆಗಾಗಿ. ಕಾಲೇಜಿನ ಪದವಿಯಿಲ್ಲದ ಆ ಎಂಜಿನಿಯರ್ ಚಪ್ಪಟೆ ಗೋಪುರದಂಥ ಉಪಕರಣವೊಂದನ್ನು ರೂಪಿಸಿ, ಗಾಳಿಯ ದಾರಿಯಲ್ಲಿ ಇಟ್ಟು ಓಡಿಬರುತ್ತಿದ್ದರು. 2003ರ ಜೂನ್ 24ರಂದು ಸೌತ್ ಡಕೋಟಾದ ಮ್ಯಾಂಚೆಸ್ಟರ್ ಎಂಬ ಹಳ್ಳಿಯ ಬಳಿ ಅದರ ಮೇಲೆಯೇ ಸುಂಟರಗಾಳಿ ಹಾದು, ವಾಯುಭಾರ 100 ಮಿಲಿಬಾರ್ ಕುಸಿದದ್ದು ದಾಖಲಾಯಿತು. ಅದಕ್ಕೂ ಮೊದಲು ಸರ್ಕಾರಿ ವಿಜ್ಞಾನಿಗಳು ‘ಟೋಟೊ’ ಎಂಬ, ಉಪಕರಣ ತುಂಬಿದ ಭಾರೀ ಪೀಪಾಯಿಯನ್ನು ವರ್ಷಗಟ್ಟಲೆ ಹೊತ್ತು ತಿರುಗಿ ಸೋತಿದ್ದರು. 1996ರ ‘ಟ್ವಿಸ್ಟರ್’ ಸಿನಿಮಾದ ಯಂತ್ರಕ್ಕೆ ಪ್ರೇರಣೆ ಅದೇ. ಸಿನಿಮಾದಲ್ಲಿ ಗೆದ್ದದ್ದು ನೆಲದ ಮೇಲೆ ಗೆಲ್ಲಲು ಸಮಾರಾಸ್ ಬೇಕಾಯಿತು. ಎಚ್ಚರದ ಮನುಷ್ಯ ಎಂದೇ ಅವರ ಹೆಸರು. ಎಲ್ ರೀನೋದಲ್ಲಿ ಗಾಳಿ ಒಮ್ಮೆಗೇ ಹಿಗ್ಗಿತು, ದಿಕ್ಕು ಬದಲಿಸಿತು, ವೇಗ ಏರಿಸಿತು. ಎಚ್ಚರ ಸಾಲಲಿಲ್ಲ.

ಈಗಿನವರಲ್ಲಿ ರೀಡ್ ಟಿಮ್ಮರ್ ಕವಚ ತೊಡಿಸಿದ ಗಾಡಿಗೂ ಗಂಟಲಿಗೂ ಹೆಸರಾದವರು. ಅವರ ಅಬ್ಬರ ನನಗೆ ಒಗ್ಗದು. ಆದರೂ 2022ರ ಏಪ್ರಿಲ್ 29ರಂದು ಕಾನ್ಸಾಸ್‌ನ ಆಂಡೋವರ್‌ನಲ್ಲಿ ಡ್ರೋನ್ ಹಾರಿಸಿ ಅವರು ತೆಗೆದ ಚಿತ್ರಕ್ಕೆ ಸಾಟಿ ಕಡಿಮೆ. ಮನೆಯಿಂದ ಮನೆಗೆ ನೆಗೆಯುವ ಗಾಳಿಯ ಕಾಲುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಕ್ಯಾಮೆರಾ ಹತ್ತಿರ ಹೋಯಿತು, ಮನುಷ್ಯ ದೂರ ಉಳಿದ. ಅದಕ್ಕೇ ಚಿತ್ರ ಗೆದ್ದಿತು. ಆ ಸುಂಟರಗಾಳಿಗೆ ನೇರವಾಗಿ ಯಾರೂ ಬಲಿಯಾಗಲಿಲ್ಲ. ಆದರೆ ಅದೇ ದಿನ ಕಾನ್ಸಾಸ್‌ನಲ್ಲಿ ಚೇಸಿಂಗ್ ಮುಗಿಸಿ ಮರಳುತ್ತಿದ್ದ ಒಕ್ಲಹೋಮಾ ವಿಶ್ವವಿದ್ಯಾಲಯದ ಮೂವರು ಹವಾಮಾನಶಾಸ್ತ್ರ ವಿದ್ಯಾರ್ಥಿಗಳು ಒದ್ದೆ ಹೆದ್ದಾರಿಯಲ್ಲಿ ಕಾರು ಜಾರಿ, ಲಾರಿ ಬಡಿದು ತೀರಿಕೊಂಡರು. ಅದಕ್ಕೂ ಐದು ವರ್ಷ ಹಿಂದೆ, 2017ರ ಮಾರ್ಚ್‌ನಲ್ಲಿ, ಟೆಕ್ಸಸ್‌ನ ಸ್ಪರ್ ಬಳಿ ಕೂಡುರಸ್ತೆಯಲ್ಲಿ ಎರಡು ಗಾಡಿ ಡಿಕ್ಕಿಯಾಗಿ ಮೂವರು ಚೇಸರ್‌ಗಳು ಸತ್ತಿದ್ದರು. ಲೈವ್ ವಿಡಿಯೊದಲ್ಲಿ ಒಂದು ಕಣ್ಣು ಆಕಾಶದ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟು ಓಡಿಸುವವನನ್ನು ಕಂಡಾಗ ನಾನು ಕಿಟಕಿ ಮುಚ್ಚುತ್ತೇನೆ. ನೋಡುವವರ ಸಂಖ್ಯೆ ಅಲ್ಲಿಯೇ ಅಂಕಿಯಲ್ಲಿ ತೋರುತ್ತಿರುತ್ತದೆ. ನಾನೂ ಆ ಅಂಕಿಯ ಒಂದು ಭಾಗ.

ಎಲ್ ರೀನೋದ ಕಥೆ ಹೆಡ್‌ಲೈಟುಗಳೊಂದಿಗೆ ಮುಗಿಯಲಿಲ್ಲ. ಅಂದು ಅಲ್ಲಿದ್ದ ಹತ್ತಾರು ಚೇಸರ್‌ಗಳ ವಿಡಿಯೊಗಳನ್ನು ವಿಜ್ಞಾನಿ ಆಂಟನ್ ಸೈಮನ್ ಮತ್ತು ಸಂಗಡಿಗರು ಬೇಡಿ ತಂದು, ಎಲ್ಲದರಲ್ಲೂ ಒಮ್ಮೆಗೇ ಮಿಂಚಿದ ಮಿಂಚುಗಳನ್ನೇ ಗಡಿಯಾರ ಮಾಡಿಕೊಂಡು ಒಂದಕ್ಕೊಂದು ಹೊಂದಿಸಿದರು. ಹವಾಮಾನ ವಿಜ್ಞಾನಿ ಜಾನಾ ಹೌಸರ್ ಅವನ್ನು ಸಂಚಾರಿ ರೇಡಾರ್‌ನ ದತ್ತಾಂಶಕ್ಕೆ ತಾಳೆ ನೋಡಿದಾಗ, ಸುಂಟರಗಾಳಿ ಮೋಡದಿಂದ ಇಳಿಯಲಿಲ್ಲ, ಸುತ್ತುವಿಕೆ ನೆಲದ ಬಳಿ ಮೊದಲೇ ಇತ್ತು ಎಂಬುದು ಹೊರಬಿತ್ತು. ಬಿಡಿಯಾಗಿ ನೋಡಿದರೆ ಗಾಬರಿಯಲ್ಲಿ ಅಲುಗಾಡಿದ, ಅರ್ಧಂಬರ್ಧ ಚಿತ್ರಗಳು ಅವು. ಕೂಡಿಸಿದಾಗಲಷ್ಟೇ ಕಣ್ಣು ಬಂತು.

ಅಂದಿನ ಗಾಳಿಯ ವೇಗವನ್ನು ಸಂಚಾರಿ ರೇಡಾರ್ ಗಂಟೆಗೆ 470 ಕಿ.ಮೀ.ಗೂ ಹೆಚ್ಚು ಎಂದು ಅಳೆದಿತ್ತು. ಸುಂಟರಗಾಳಿಯ ಇಎಫ್ ಮಾಪಕದಲ್ಲಿ ಹವಾಮಾನ ಇಲಾಖೆ ಮೊದಲು ಅದಕ್ಕೆ ಇಎಫ್3 ಕೊಟ್ಟು, ಆಮೇಲೆ ಅತ್ಯುನ್ನತ ಇಎಫ್5ಕ್ಕೆ ಏರಿಸಿ, ಅದೇ ಆಗಸ್ಟ್‌ನಲ್ಲಿ ಮತ್ತೆ ಇಎಫ್3ಕ್ಕೆ ಇಳಿಸಿತು. ಆ ಮಾಪಕ ಎಣಿಸುವುದು ಉರುಳಿದ ಕಟ್ಟಡಗಳನ್ನು. ಅಲ್ಲಿದ್ದದ್ದು ಬಹುಪಾಲು ಹೊಲ.