‘ಜಾಣ ದ್ರವ’ದ ಜಾಣತನ ಇರುವುದೆಲ್ಲಿ?

ಭೂಕಂಪ ನಿರೋಧಕ ಕಟ್ಟಡಗಳ ಬಗೆಗಿನ ಲೇಖನಗಳಲ್ಲಿ ‘ಜಾಣ ದ್ರವ’ದ ಹೆಸರನ್ನು ನೀವು ಓದಿರಬಹುದು. ಕಾಂತಕ್ಷೇತ್ರ ಸೋಕಿದೊಡನೆ ದ್ರವ ಘನವಾಗುತ್ತದೆ, ಕಟ್ಟಡದ ಕಂಪನ ನಿಲ್ಲುತ್ತದೆ ಎಂಬುದು ಅವುಗಳ ಸಾಮಾನ್ಯ ವಿವರಣೆ. ಇದರಲ್ಲಿ ಸತ್ಯಾಂಶವಿದೆ, ಆದರೆ ವಿದ್ಯಾರ್ಥಿಗಳ ದಾರಿ ತಪ್ಪಿಸುವ ಅಂಶಗಳೂ ಇವೆ.

ಈ ದ್ರವವೆಂದರೆ ಎಣ್ಣೆಯಲ್ಲಿ ಬೆರೆಸಿದ, ಕೆಲವೇ ಮೈಕ್ರಾನ್ ಗಾತ್ರದ ಕಬ್ಬಿಣದ ಕಣಗಳು. 1940ರ ದಶಕದಲ್ಲಿ ಅಮೆರಿಕದ ಜೇಕಬ್ ರಾಬಿನೋ ಇದನ್ನು ರೂಪಿಸಿದರು. ಕಾಂತಕ್ಷೇತ್ರದಲ್ಲಿ ಕಣಗಳು ಸರಪಳಿಗಳಾಗಿ ನಿಂತು ಹರಿವನ್ನು ತಡೆಯುತ್ತವೆ. ಆದರೆ ಎಷ್ಟರ ಮಟ್ಟಿಗೆ? ಸರಪಳಿ ಮುರಿಯಲು ಬೇಕಾದ ಪೀಡನ ಸುಮಾರು 50ರಿಂದ 100 ಕಿಲೋಪಾಸ್ಕಲ್, ಅಂದರೆ ಹೆಚ್ಚೆಂದರೆ ಒಂದು ವಾಯುಮಂಡಲದ ಒತ್ತಡದಷ್ಟು. ಉಕ್ಕಿನ ಬಲ ಇದರ ಸಾವಿರ ಪಟ್ಟಿಗೂ ಹೆಚ್ಚು. ಆದ್ದರಿಂದ ‘ಘನವಾಗುತ್ತದೆ’ ಎನ್ನುವುದಕ್ಕಿಂತ ‘ಒಂದು ಮಿತಿಯವರೆಗೆ ಹರಿಯಲು ಒಪ್ಪುವುದಿಲ್ಲ’ ಎನ್ನುವುದೇ ಸರಿ. ಆ ಮಿತಿ ದಾಟಿ ಹರಿಯುವಾಗಲೇ ಡ್ಯಾಂಪರ್ ಕಂಪನದ ಶಕ್ತಿಯನ್ನು ಶಾಖವಾಗಿಸುತ್ತದೆ. ದ್ರವ ನಿಜವಾಗಿ ಕಲ್ಲಾಗಿಬಿಟ್ಟರೆ ಡ್ಯಾಂಪರ್ ಕೇವಲ ಒಂದು ಸರಳಾಗುತ್ತದೆ!

ಇನ್ನು ಜಾಣತನ. ದ್ರವಕ್ಕೆ ಯಾವಾಗ ಬಿಗಿಯಾಗಬೇಕೆಂಬುದು ತಿಳಿಯದು. ಅದನ್ನು ನಿರ್ಧರಿಸುವುದು ಸಂವೇದಕಗಳು ಮತ್ತು ನಿಯಂತ್ರಕ. 1974ರಲ್ಲಿ ಕಾರ್ನಾಪ್ ಮತ್ತು ಸಂಗಡಿಗರು ಸೂಚಿಸಿದ ನಿಯಮದ ಒಂದು ಸರಳ ರೂಪ ನೋಡಿ: ಡ್ಯಾಂಪರಿನ ಬಲವು ವಾಹನದ ಮೈಯ ಚಲನೆಯನ್ನು ತಡೆಯುವಂತಿದ್ದರೆ ಬಿಗಿಗೊಳಿಸು, ಅದಕ್ಕೆ ನೆರವಾಗುವಂತಿದ್ದರೆ ಸಡಿಲಿಸು. ಡ್ಯಾಂಪರ್ ತಾನಾಗಿ ತಳ್ಳಲಾರದು, ತಡೆಯಬಲ್ಲದು ಅಷ್ಟೆ. ‘ಅರೆ ಸಕ್ರಿಯ’ ಎಂಬ ಹೆಸರಿನ ಅರ್ಥ ಇದೇ. ಇದು ಕೊರತೆಯಷ್ಟೇ ಅಲ್ಲ, ಗುಣವೂ ಹೌದು. ವಿದ್ಯುತ್ ಕೈಕೊಟ್ಟರೂ ಅದು ಸಾಧಾರಣ ಡ್ಯಾಂಪರಾಗಿ ಉಳಿಯುತ್ತದೆ. ಕಟ್ಟಡಕ್ಕೆ ಹೊರಗಿನಿಂದ ಯಾಂತ್ರಿಕ ಶಕ್ತಿಯನ್ನು ತುಂಬುವುದಿಲ್ಲ.

ಬಳಕೆಯ ಉದಾಹರಣೆಗಳು ನಿಜ: 2002ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರು, ಅದೇ ವರ್ಷ ಚೀನಾದ ಡಾಂಗ್‌ಟಿಂಗ್ ಸರೋವರ ಸೇತುವೆಯ ಕೇಬಲ್‌ಗಳು. ಆದರೆ ಕಾರು ದಿನವೂ ಓಡುತ್ತದೆ, ದ್ರವ ಕಲಕುತ್ತಿರುತ್ತದೆ. ಭೂಕಂಪಕ್ಕಾಗಿ ಕಾಯುವ ಡ್ಯಾಂಪರ್ ವರ್ಷಗಟ್ಟಲೆ ನಿಶ್ಚಲವಾಗಿರಬಹುದು. ಎಣ್ಣೆಗಿಂತ ಹಲವು ಪಟ್ಟು ಸಾಂದ್ರವಾದ ಕಬ್ಬಿಣ ಆಗ ತಳ ಸೇರದೆ ಇದ್ದೀತೇ? ಇದನ್ನು ತಡೆಯಲು ಸಂಯೋಜಕಗಳನ್ನು ಬೆರೆಸುತ್ತಾರೆ. ಆದರೂ ಈ ಪ್ರಶ್ನೆಯನ್ನೇ ಎತ್ತದ ಲೇಖನ ಅಪೂರ್ಣ.

ಕೊನೆಯದಾಗಿ, ‘ಕಂಪನ ಇಷ್ಟು ಶೇಕಡಾ ಇಳಿಯಿತು’ ಎಂದು ಓದಿದಾಗ, ಯಾವುದಕ್ಕೆ ಹೋಲಿಸಿ ಎಂದು ಕೇಳಿ. ಡ್ಯಾಂಪರೇ ಇಲ್ಲದ ಕಟ್ಟಡಕ್ಕೆ ಹೋಲಿಸಿದರೆ ಯಾವ ಡ್ಯಾಂಪರೂ ಗೆಲ್ಲುತ್ತದೆ. ಡೈಕ್, ಸ್ಪೆನ್ಸರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮೂರು ಅಂತಸ್ತಿನ ಮಾದರಿಯನ್ನು ಪರೀಕ್ಷಿಸಿದಾಗ, ಅದೇ ಡ್ಯಾಂಪರಿಗೆ ವಿದ್ಯುತ್ತನ್ನು ಸದಾ ನಿಲ್ಲಿಸಿಯೂ ಸದಾ ಹರಿಸಿಯೂ ನೋಡಿ ಹೋಲಿಸಿದರು. ನಿಯಂತ್ರಣದ ನಿಜವಾದ ಲಾಭ ತಿಳಿಯುವುದು ಹೀಗೆ. ಜನರ ಪ್ರಾಣರಕ್ಷಣೆಯ ಸಾಧನವನ್ನು ಬೆರಗಿನಿಂದಲ್ಲ, ಇಂಥ ಹೋಲಿಕೆಯಿಂದ ಅಳೆಯುವುದನ್ನು ತರಗತಿಯಲ್ಲೇ ಕಲಿಸಬೇಕಲ್ಲವೇ?