ಬಾಲ ನೋಡಿ ವಿಳಾಸ ಹೇಳಿ

ಅಡಿಕೆ ತೋಟದ ದರಗು ಒಂದು ಬೊಗಸೆ, ಅದೇ ಮರದ ಬುಡದಲ್ಲಿ ಗೇಣಾಳ ಅಗೆದು ತೆಗೆದ ಮಣ್ಣು ಒಂದು ಬೊಗಸೆ. ಎರಡು ಆಲಿಕೆಗಳಲ್ಲಿ ಜಾಲರಿ ಕೂರಿಸಿ ಇವನ್ನು ಬೇರೆ ಬೇರೆ ಹರಡಿ, ಮೇಲೆ ಬಲ್ಬು ಉರಿಸಿ, ಕೆಳಗೆ ಸ್ಪಿರಿಟ್ಟಿನ ಶೀಶೆ ಇಟ್ಟರೆ ಮಣ್ಣಿನ ಸಣ್ಣ ಜೀವಿಗಳನ್ನು ಹಿಡಿದು ನೋಡುವ ಹವ್ಯಾಸದ ಅರ್ಧ ಕೆಲಸ ಮುಗಿಯಿತು. ಬಿಸಿಗೆ, ಒಣಗುವಿಕೆಗೆ ಅಂಜಿದ ಜೀವಿಗಳು ಕೆಳಕ್ಕಿಳಿದು ತಾವಾಗಿಯೇ ಶೀಶೆಗೆ ಬೀಳುತ್ತವೆ. ಈ ಆಲಿಕೆ ಇಟಲಿಯ ಕೀಟತಜ್ಞ ಆಂಟೋನಿಯೊ ಬರ್ಲೇಸೆ 1905ರಲ್ಲಿ ಕೊಟ್ಟದ್ದು. ಅದಕ್ಕೆ ಬಲ್ಬು ಸೇರಿಸಿದವರು ಸ್ವೀಡನ್ನಿನ ಆಲ್ಬರ್ಟ್ ತುಲ್‌ಗ್ರೆನ್, 1918ರಲ್ಲಿ.

ಶೀಶೆಗಳಲ್ಲಿ ಮೈಟ್‌ಗಳೂ ಧಾರಾಳವಾಗಿರುತ್ತವೆ. ಆದರೆ ಹೋಲಿಸಿ ನೋಡುವ ಸುಖ ಇರುವುದು ಪುಟ್ಟ ಹುಳುಗಳಾದ ಸ್ಪ್ರಿಂಗ್‌ಟೇಲ್‌ಗಳಲ್ಲಿ.

ದರಗಿನವಕ್ಕೆ ಮೈತುಂಬ ಬಣ್ಣ, ಉದ್ದ ಮೀಸೆ, ತಲೆಯ ಒಂದೊಂದು ಬದಿಗೆ ಎಂಟರವರೆಗೆ ಪುಟ್ಟ ಕಣ್ಣು. ಹೊಟ್ಟೆಯಡಿ ಕವೆಯಂಥ ಬಾಲವನ್ನು ಮಡಚಿ ಕೊಂಡಿ ಹಾಕಿಟ್ಟಿರುತ್ತವೆ. ಇರುವೆ ಹತ್ತಿರ ಬಂತೋ, ಕೊಂಡಿ ಕಳಚುತ್ತದೆ, ಬಾಲ ನೆಲಕ್ಕೆ ಬಡಿಯುತ್ತದೆ, ಹುಳು ಮಾಯ! ಗೇಣಾಳದ ನೆಂಟರು ಬೆಳ್ಳಗೆ, ಕುರುಡು, ಮೀಸೆಯೂ ಮೋಟು. ಮಣ್ಣಿನ ಸಂದಿಯಲ್ಲಿ ಜಿಗಿಯಲು ಜಾಗವೆಲ್ಲಿ? ಬಾಲ ಕುಗ್ಗಿದೆ, ಇಲ್ಲವೇ ಪೂರ್ತಿ ಅಳಿಸಿಹೋಗಿದೆ. ಓನಿಕಿಯೂರಿಡೆ ಕುಟುಂಬದವು ಅದರ ಬದಲು ಚರ್ಮದ ಸಣ್ಣ ರಂಧ್ರಗಳಿಂದ ದ್ರವ ಒಸರಿಸಿ ವೈರಿಯನ್ನು ದೂರವಿಡುತ್ತವೆ.

ಹೊಸಬರು ಜಿಗಿಯುವವಕ್ಕೆ ಮರುಳಾಗುತ್ತಾರೆ. ರುಚಿ ಹತ್ತಿದವರು ಬಿಳಿಯವನ್ನೇ ಅರಸುತ್ತಾರೆ, ಅವು ಸುಲಭಕ್ಕೆ ದಕ್ಕುವುದಿಲ್ಲ. ಶಾಖ ಜೋರಾದರೆ ನಿಧಾನಿಗಳಾದ ಅವು ಜಾಲರಿ ತಲುಪುವ ಮೊದಲೇ ಒಣಗಿ ಸಾಯುತ್ತವೆ. ಸಣ್ಣ ಬಲ್ಬು ಹಾಕಿ ಕೆಲವು ದಿನ ಸುಮ್ಮನಿರಬೇಕು.

ಮೈಕಟ್ಟಿನ ಈ ವ್ಯತ್ಯಾಸಕ್ಕೆ ಇಟಲಿಯ ವಿಟ್ಟೋರಿಯೊ ಪರೀಸಿ 2001ರಲ್ಲಿ ಅಂಕಪದ್ಧತಿಯನ್ನೇ ರೂಪಿಸಿದರು. ಮೇಲ್ಮೈಗೆ ಹೊಂದಿದ ದೇಹಕ್ಕೆ 1, ಆಳಕ್ಕೆ ಪೂರ್ತಿ ಒಗ್ಗಿದ್ದಕ್ಕೆ 20. ಈ ಅಂಕಗಳಿಂದ ಜಾತಿಯ ಹೆಸರು ಗೊತ್ತಿಲ್ಲದವರೂ ಹೊಲದ ಮಣ್ಣನ್ನು ಕಾಡಿನದರೊಂದಿಗೆ ತೂಗಿ ನೋಡಬಹುದು. ಪದೇ ಪದೇ ಉತ್ತ ನೆಲ ಸಾಮಾನ್ಯವಾಗಿ ಸೋಲುತ್ತದೆ.

ಆದರೂ ಆಳವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಯುರೋಪಿನ ಕಡಲತೀರದ ಬಂಡೆಗಳಲ್ಲಿ ಓಡಾಡುವ ನೀಲಿಬೂದು ಸ್ಪ್ರಿಂಗ್‌ಟೇಲ್ ಅನುರಿಡಾ ಮರಿಟಿಮಾಕ್ಕೆ ಕಣ್ಣಿವೆ, ಬಾಲವಿಲ್ಲ. ಉಬ್ಬರ ಬರುವ ಮೊದಲೇ ಅದು ಸಂದಿ ಸೇರಿಕೊಳ್ಳುತ್ತದೆ. ಕಪ್ಪು ಸಮುದ್ರದ ಬಳಿಯ ಕ್ರೂಬೆರಾ ಗುಹೆಯಲ್ಲಿ 1,980 ಮೀಟರ್ ಆಳದಲ್ಲಿ ಸಿಕ್ಕು 2012ರಲ್ಲಿ ಹೆಸರು ಪಡೆದ ಪ್ಲುಟೊಮ್ಯೂರಸ್ ಆರ್ಟೊಬಲಗನೆನ್ಸಿಸ್‌ನದು ಇದಕ್ಕೆ ತಿರುಗಾಮುರುಗಾ. ಕತ್ತಲಲ್ಲಿ ಕಣ್ಣು ಹೋಗಿದೆ. ಗುಹೆಯಲ್ಲಿ ಜಿಗಿಯಲು ಬೇಕಾದಷ್ಟು ಜಾಗವಿದೆ, ಬಾಲ ಉಳಿದಿದೆ.