ಐದು ಮನೆಗಳ ಸೋಲು

ಯಸುನಾರಿ ಕವಬಾಟನ ‘ದಿ ಮಾಸ್ಟರ್ ಆಫ್ ಗೋ’ ಕಾದಂಬರಿಯನ್ನು ಗೋ ಆಟ ಗೊತ್ತಿಲ್ಲದೆಯೂ ಓದಬಹುದು. ನಾನೂ ಮೊದಲ ಸಲ ಹಾಗೆಯೇ ಓದಿದ್ದು. ಆಟ ಕಲಿಯುತ್ತ ಮತ್ತೆ ಓದುವಾಗ, ಆ ಕಾದಂಬರಿ ನಮ್ಮಿಂದ ಕೇಳುವ ಕಣ್ಣೀರಿನ ಬಗ್ಗೆಯೇ ಒಂದು ತಕರಾರು ಹುಟ್ಟಿತು.

ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದಲ್ಲಿ ಹುಟ್ಟಿದ ಆಟ ಇದು. ಅಲ್ಲಿನ ಹೆಸರು ವೇಚಿ, ಸುತ್ತುವರಿಯುವ ಆಟ. ಹತ್ತೊಂಬತ್ತು ಅಡ್ಡ, ಹತ್ತೊಂಬತ್ತು ಉದ್ದ ಗೆರೆಗಳು, 361 ಸಂಧಿಗಳು. ನಮ್ಮ ಆಡು-ಹುಲಿ ಆಟದ ಹಾಗೆ ಗೆರೆಗಳು ಕೂಡುವಲ್ಲಿ ಕಾಯಿ ಇಡುತ್ತಾರೆ, ಆದರೆ ಇಟ್ಟ ಕಾಯಿ ಮತ್ತೆ ಕದಲುವುದಿಲ್ಲ. ಅದಕ್ಕೆ ತಾಗಿದ ಖಾಲಿ ಸಂಧಿಗಳನ್ನು ಚೀನೀಯರು ಉಸಿರು ಎನ್ನುತ್ತಾರೆ. ಉಸಿರೆಲ್ಲ ಕಟ್ಟಿದರೆ ಕಾಯಿ ಹೋಯಿತು. ಕೊನೆಗೆ ಯಾರು ಹೆಚ್ಚು ಜಾಗ ಸುತ್ತುವರಿದಿದ್ದಾರೆ ಎಂಬ ಲೆಕ್ಕ. ಹೀಗೆ ಗಳಿಸಿದ ಒಂದೊಂದು ಸಂಧಿಯನ್ನು ‘ಮನೆ’ ಎನ್ನೋಣ. ನಿಯಮಗಳು ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಎಂಟು ತಿಂಗಳಾದರೂ ನಾನು ಫೋನಿನಲ್ಲಿ, ಒಂಬತ್ತು ಗೆರೆಯ ಚಿಕ್ಕ ಹಲಗೆಯಲ್ಲಿ ಸೋಲುತ್ತಲೇ ಇದ್ದೇನೆ. (ಪಿಎಚ್.ಡಿ. ಮಾರ್ಗದರ್ಶಕರಿಗೆ ಇದನ್ನು ಹೇಳಿಲ್ಲ.) ಆದರೆ ಒಂದು ಸಂಗತಿ ಮೈಗೂಡಿದೆ: ಕೆಲವು ನಡೆಗಳಿಗೆ ಎದುರಾಳಿ ತಕ್ಷಣ ಉತ್ತರಿಸಲೇಬೇಕು, ಇಲ್ಲದಿದ್ದರೆ ಅವನ ಗುಂಪೇ ಸಾಯುತ್ತದೆ. ಅಂಥ ನಡೆಯೇ ಕಾದಂಬರಿಯ ಗಾಯ.

1938ರಲ್ಲಿ ಹೊನಿನ್ಬೊ ಷೂಸಾಯ್ ಎಂಬ ವೃದ್ಧ ಗುರು ತನ್ನ ಕೊನೆಯ ಪಂದ್ಯವನ್ನು ಕಿತಾನಿ ಮಿನೋರು ಜೊತೆ ಆಡಿದ. ಪತ್ರಿಕೆಗೆ ಅದನ್ನು ವರದಿ ಮಾಡಿದವನು ಕವಬಾಟ. ಮುಂದೆ ಅದನ್ನೇ ಕಾದಂಬರಿಯಾಗಿಸುವಾಗ ಕಿತಾನಿಗೆ ಓಟಾಕೆ ಎಂದು ಹೆಸರಿಟ್ಟ. ಒಬ್ಬೊಬ್ಬರಿಗೆ 40 ಗಂಟೆ ಸಮಯ. ಗುರುವಿನ ಕಾಯಿಲೆಯಿಂದ ನಡುವೆ ಮೂರು ತಿಂಗಳು ನಿಂತು, ಜೂನ್‌ನಲ್ಲಿ ಶುರುವಾದ ಆಟ ಡಿಸೆಂಬರಿನಲ್ಲಿ ಮುಗಿಯಿತು. ದಿನದ ಕೊನೆಯ ನಡೆಯನ್ನು ಹಲಗೆಯ ಮೇಲಿಡದೆ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿಡಬೇಕೆಂಬುದು ಹೊಸ ನಿಯಮ. ಓಟಾಕೆ ತನ್ನ 121ನೇ ನಡೆಯಾಗಿ ಮುಚ್ಚಿಟ್ಟದ್ದು, ಹೋರಾಟ ನಡೆಯುತ್ತಿದ್ದ ಜಾಗದಿಂದ ದೂರದ, ಉತ್ತರಿಸದೆ ವಿಧಿಯಿಲ್ಲದ ಒಂದು ನಡೆಯನ್ನು. ಬಿಡುವಿನಲ್ಲಿ ಯೋಚಿಸಲು ಸಮಯ ಕದಿಯುವ ಹೂಟ ಇದು ಎಂದು ಗುರು ಕೆರಳುತ್ತಾನೆ. ಇಬ್ಬರೂ ಸೇರಿ ಬರೆಯುತ್ತಿದ್ದ ಚಿತ್ರದ ಮೇಲೆ ಮಸಿ ಚೆಲ್ಲಿದಂತೆ ಅವನಿಗೆ. ಸ್ವಲ್ಪದರಲ್ಲೇ 130ನೇ ನಡೆಯಲ್ಲಿ ತಪ್ಪುತ್ತಾನೆ. ಐದು ಮನೆಗಳಿಂದ ಸೋಲುತ್ತಾನೆ. ನಿಯಮಗಳ ಯುಗ ಕಲೆಯನ್ನು ಕೊಂದಿತು ಎಂಬ ಭಾವದಲ್ಲಿ ನಾವು ಪುಸ್ತಕ ಮಡಚುತ್ತೇವೆ.

ಆದರೆ ಲಕೋಟೆ ಬರುವ ಮೊದಲು ಏನಿತ್ತು? ಆಟವನ್ನು ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ಬಿಳಿ ಕಾಯಿ ಹಿಡಿದ ಹಿರಿಯನದಾಗಿತ್ತು. 1933ರಲ್ಲಿ, ಚೀನಾದಿಂದ ಬಂದಿದ್ದ ಹತ್ತೊಂಬತ್ತರ ಹುಡುಗ ಗೋ ಸೇಗೆನ್ ಎದುರು ಆಡುವಾಗ ಇದೇ ಷೂಸಾಯ್ ಮತ್ತೆ ಮತ್ತೆ ಆಟ ನಿಲ್ಲಿಸಿ ಎದ್ದುಹೋಗಿದ್ದ, ಕೊನೆಗೆ ಎರಡು ಮನೆಗಳಿಂದ ಗೆದ್ದಿದ್ದ. ಬಿಡುವಿನಲ್ಲಿ ಯೋಚಿಸುವ ಲಾಭ ಹಳೆಯ ಕಾಲದಲ್ಲೂ ಇತ್ತು, ಒಬ್ಬನಿಗೆ ಮಾತ್ರ ಇತ್ತು. ಗುರುವಿನ ಹಠಗಳನ್ನು ಕವಬಾಟ ಮುಚ್ಚಿಡುವುದಿಲ್ಲ, ಆದರೂ ಅವನ ಒಲವು ಯಾರ ಕಡೆಗೆಂಬುದರಲ್ಲಿ ಅನುಮಾನವಿಲ್ಲ.

ಇನ್ನೊಂದು ಲೆಕ್ಕವಿದೆ. ಗೋದಲ್ಲಿ ಕಪ್ಪು ಮೊದಲು ಆಡುತ್ತದೆ. ಮೊದಲು ಆಡುವುದೇ ದೊಡ್ಡ ಅನುಕೂಲ. ಇಂದು ಜಪಾನಿನಲ್ಲಿ ಅದಕ್ಕೆ ಬದಲಾಗಿ ಬಿಳಿಗೆ ಆರೂವರೆ ಮನೆ ಕೊಡುತ್ತಾರೆ. ಆ ಪಂದ್ಯದಲ್ಲಿ ಅದು ಇರಲಿಲ್ಲ. ಹಿರಿಯ ಬಿಳಿ ಹಿಡಿದು ಕಿರಿಯನಿಗೆ ಮೊದಲ ನಡೆ ಬಿಟ್ಟುಕೊಡುವುದು ಹಳೆಯ ಘನತೆ. ಇಂದಿನ ಎಣಿಕೆಯಲ್ಲಿ ಗುರು ಒಂದೂವರೆ ಮನೆಗಳಿಂದ ಗೆಲ್ಲುತ್ತಿದ್ದ! ಆ ನಿಯಮವಿದ್ದಿದ್ದರೆ ಇಬ್ಬರೂ ಬೇರೆಯಾಗಿಯೇ ಆಡುತ್ತಿದ್ದರು, ಒಪ್ಪುತ್ತೇನೆ. ಆದರೂ ಆ ಐದು ಮನೆಗಳನ್ನು ಲಕೋಟೆಯ ಖಾತೆಗೆ ಮಾತ್ರ ಬರೆಯಲು ನನಗೆ ಮನಸ್ಸಿಲ್ಲ. ಹಳೆಯ ಪದ್ಧತಿಗೂ ಅದರಲ್ಲಿ ಪಾಲಿದೆ.

ಈಗ ನನ್ನನ್ನು ಹೆಚ್ಚು ಕಾಡುವವನು ಓಟಾಕೆ. ಚಹಾ ಕುಡಿಯುತ್ತ, ಪದೇ ಪದೇ ಶೌಚಕ್ಕೆ ಓಡುತ್ತ, ಹಾಸ್ಯ ಮಾಡುತ್ತ ಆಡುವ ಅವನು, ಗುರುವಿನ ಕಾಯಿಲೆಗಾಗಿ ಒಪ್ಪಂದ ಮತ್ತೆ ಮತ್ತೆ ಬದಲಾದಾಗ ಪಂದ್ಯವನ್ನೇ ಬಿಟ್ಟುಬಿಡುತ್ತೇನೆ ಎನ್ನುತ್ತಾನೆ. ಮೊದಲ ಓದಿನಲ್ಲಿ ಅದು ಕಿರಿಕಿರಿಯ ಮನುಷ್ಯನ ಸಣ್ಣತನವಾಗಿ ಕಂಡಿತ್ತು. ಸಾಯುತ್ತಿರುವ ಗುರುವಿನ ಎದುರು ಕೂತವನಿಗೆ ಆ ಒಪ್ಪಂದ ಬಿಟ್ಟರೆ ಹಿಡಿದುಕೊಳ್ಳಲು ಬೇರೇನಿತ್ತು?